ಜೇಡ್ ಬಳೆ ಕಡು ಹಸಿರಾಗಿದ್ದರೆ ಒಳ್ಳೆಯದೇ?

ಕಾಸರಗೋಡಿನ ಅಂಗಡಿಯಲ್ಲಿ ಜೇಡ್ ಎಂಬ ಆಭರಣದ ಕಲ್ಲಿನ ಎರಡು ಬಳೆ ನೋಡಿದೆ, ಒಂದು ಕಡು ಹಸಿರು, ಇನ್ನೊಂದು ತೆಳು ಹಸಿರು, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ.

ಕಡು ಬಣ್ಣ ಇದ್ದ ಮಾತ್ರಕ್ಕೆ ಬೆಲೆ ಜಾಸ್ತಿ ಅಲ್ಲ. ಕಪ್ಪಿನ ಕಡೆ ವಾಲಿದರೆ ಬೆಲೆ ಇಳಿಯುತ್ತದೆ. ಹಸಿರಿಗೆ ಬೂದು ಬೆರೆತಿರಬಾರದು, ಬಳೆಯ ಸುತ್ತಲೂ ಒಂದೇ ಸಮ ಇರಬೇಕು, ಬೆಳಕು ಸ್ವಲ್ಪ ಒಳಗೆ ಇಳಿಯಬೇಕು. ಮ್ಯಾನ್ಮಾರ್‌ನ ಜೇಡೈಟ್‌ಗೆ (ಜೇಡ್‌ನ ಒಂದು ಬಗೆ) ಆ ಹೊಳೆಯುವ ಹಸಿರು ಕ್ರೋಮಿಯಂನಿಂದ ಬರುತ್ತದೆ. ಕಬ್ಬಿಣದ ಹಸಿರು ಮಂಕು.

ಅಂಗಡಿಯ ಲೈಟಿನ ಕೆಳಗೆ ನಿರ್ಧಾರ ಮಾಡಬೇಡಿ. ಬಾಗಿಲ ಹತ್ತಿರ ಹಗಲು ಬೆಳಕಿಗೆ ಹಿಡಿದು ತಿರುಗಿಸಿ. ಮಳೆಗಾಲದ ಆಟಿ ತಿಂಗಳಾದರೂ ಪರವಾಗಿಲ್ಲ, ಮೋಡದ ಬೆಳಕು ಸಾಕು.

ನಿಜವಾದ ತಲೆನೋವು ಬಣ್ಣ ಹಾಕಿದ ಕಲ್ಲು. ವ್ಯಾಪಾರದಲ್ಲಿ 'ಎ' ಎಂದರೆ ಮೇಣದ ಪಾಲಿಶ್ ಬಿಟ್ಟು ಬೇರೇನೂ ಮಾಡದ್ದು. 'ಬಿ' ಎಂದರೆ ಆ್ಯಸಿಡ್‌ನಲ್ಲಿ ಬಿಳಿಚಿಸಿ ಪ್ಲಾಸ್ಟಿಕ್‌ನಂಥ ಪಾಲಿಮರ್ ತುಂಬಿದ್ದು. 'ಸಿ' ಬಣ್ಣ ಕೊಟ್ಟದ್ದು. ಇದು ಅಂದದ ಮಾರ್ಕು ಅಲ್ಲ, 'ಎ' ಬಳೆಯೂ ಪೇಲವವಾಗಿರಬಹುದು. 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಬಣ್ಣ ಸಣ್ಣ ಬಿರುಕುಗಳಲ್ಲಿ ಜೇಡರ ಬಲೆಯ ಹಾಗೆ ಕೂತಿದ್ದರೆ ಅನುಮಾನ ಪಡಿ.

"ಇಂಡಿಯನ್ ಜೇಡ್" ಅಂತ ಹೇಳಿದರೆ ಅದು ಸಾಮಾನ್ಯವಾಗಿ ಅವೆಂಚುರಿನ್, ಕ್ವಾರ್ಟ್ಜ್ ಜಾತಿಯ ಕಲ್ಲು. ಚಂದ ಇದೆ, ಆದರೆ ಜೇಡ್ ಬೆಲೆ ಕೊಡಬೇಡಿ.

ಕಡು ಬಳೆಗೆ ದೊಡ್ಡ ಮೊತ್ತ ಕೇಳಿದರೆ ಲ್ಯಾಬ್ ರಿಪೋರ್ಟ್ ಕೇಳಿ. ಕೊಡದಿದ್ದರೆ ನಾನಾದರೆ ತೆಳು ಹಸಿರಿನ 'ಎ' ಬಳೆಯನ್ನೇ ತೆಗೆದುಕೊಳ್ಳುತ್ತೇನೆ.