ಓದ್ತಾ ಇದೀನಿ ಅಂದ್ರೆ ಯಾರೂ ಏನೂ ಕೇಳಲ್ಲ

ಹೋದ ವಾರ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗ ಐಟಿ ಸರ್ಟಿಫಿಕೇಟಿಗೆ ಅಂತ ಯಾವುದೋ ಕ್ಲೌಡ್ ಪರೀಕ್ಷೆಗೆ ದುಡ್ಡು ಕಟ್ಟಬೇಕು ಅಂತಾನೆ, ಕಟ್ಟಲಾ ಬೇಡವಾ, ಒಂದೇ ಮಾತಲ್ಲಿ ಹೇಳಿಬಿಡಿ ಅಂದರು. ಒಂದೇ ಮಾತಲ್ಲಿ ಹೇಳೋ ಹಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಇಂಥ ಫೋನು ಈಗ ತಿಂಗಳಿಗೆ ಮೂರ್ನಾಲ್ಕು ಬರುತ್ತವೆ, ಪ್ರತಿ ಸಲವೂ ನನಗೆ ಒಬ್ಬನೇ ಹುಡುಗ ನೆನಪಾಗುತ್ತಾನೆ. ಅವನನ್ನು ಕೇಳಿ, ಅವನು ಒಪ್ಪಿದ ಮೇಲೆ, ಗುರುತು ಸಿಗದ ಹಾಗೆ ಒಂದಿಷ್ಟು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಐಟಿಯವಳಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಸಣ್ಣ ರೂಮಿಟ್ಟುಕೊಂಡು ಆಪ್ತಸಲಹೆ ಮಾಡುವವಳು. ರೂಟರ್ ಯಾವುದು, ಸ್ವಿಚ್ ಯಾವುದು ಅಂತ ಕಲಿತಿದ್ದೇ ಈ ಹುಡುಗನಿಂದ.

ಮಂಡ್ಯದ ಹತ್ತಿರದ ಹಳ್ಳಿಯವನು. 25 ವರ್ಷ. 2022ರಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದ್ದ. ಮನೆಯಲ್ಲಿ ನಾಲೆ ನೀರಿನ ಎರಡು ಎಕರೆ ಕಬ್ಬು, ಎರಡು ಸೀಮೆಹಸು. ಅಕ್ಕನ ಮದುವೆ ಆಗಿದೆ. ಇಷ್ಟು ಸಾಕು.

2025ರ ಜೂನ್‌ನಲ್ಲಿ ಅಪ್ಪನ ಜೊತೆ ಬಂದ. ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ ಅಂತ ಅವರ ಡಾಕ್ಟರು ಕಳಿಸಿದ್ದರು. ಆದರೆ ಅವನು ಕೂತವನೇ ತೆಗೆದದ್ದು ಡಾಕ್ಟರ ಚೀಟಿಯನ್ನಲ್ಲ, ಒಂದು ಪ್ಲಾಸ್ಟಿಕ್ ಫೈಲನ್ನು. ತುಂಬಾ ಸರ್ಟಿಫಿಕೇಟು: ಐಐಟಿಯವರ ಆನ್‌ಲೈನ್ ಕೋರ್ಸಾದ ಎನ್‌ಪಿಟಿಇಎಲ್‌ನವು ಎರಡು, ಕೋರ್ಸೆರಾ ಅನ್ನುವ ವೆಬ್‌ಸೈಟಿನಲ್ಲಿ ಮಾಡಿದ ಗೂಗಲ್ ಐಟಿ ಸಪೋರ್ಟ್ ಒಂದು, ಅಮೆಜಾನಿನ ಕ್ಲೌಡ್ ಪ್ರಾಕ್ಟೀಷನರ್, ಮೈಕ್ರೋಸಾಫ್ಟಿನ ಅಜೂರ್ ಫಂಡಮೆಂಟಲ್ಸ್ (ಎರಡೂ ಕ್ಲೌಡಿನವು, ಅಂದರೆ ಕಂಪನಿಗಳ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದರ ಮೊದಲ ಪಾಠ), ಕೊನೆಗೆ ಸಿಸ್ಕೋ ಕಂಪನಿಯ ಸಿಸಿಎನ್‌ಎ, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿಕೊಳ್ಳುವ ನೆಟ್‌ವರ್ಕ್ ಕೆಲಸದ್ದು. ಎಲ್ಲಕ್ಕೂ ಲ್ಯಾಮಿನೇಷನ್. ಸಿಸಿಎನ್‌ಎ ಪರೀಕ್ಷೆಯ ಫೀಸೇ 300 ಡಾಲರ್, ತೆರಿಗೆ ಸೇರಿ 30,000 ರೂಪಾಯಿಯ ಹತ್ತಿರ. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ ತರಬೇತಿ ಅಂತ 45,000 ಕಟ್ಟಿದ್ದ. ಅಮ್ಮನ ಬಳೆ ಬ್ಯಾಂಕಿಗೆ ಹೋಗಿತ್ತು. ಈಗ ಸೆಕ್ಯುರಿಟಿ ಪ್ಲಸ್ ಅನ್ನುವ ಸೈಬರ್ ಸುರಕ್ಷತೆಯ ಪರೀಕ್ಷೆ ಬರೀಬೇಕು, ಅದೊಂದಾದರೆ ಆಯಿತು ಅನ್ನುವುದು ಅವನ ಲೆಕ್ಕ.

"ಓದ್ತಾನೇ ಅವ್ನೆ ಕನಾ ಮೇಡಮ್ಮೋರೆ," ಅಂದರು ಅಪ್ಪ. "ಇದೊಂದ್ ಆದ್ರೆ ಆಯ್ತದೆ ಅಂತಾನೆ. ಆವಾಗ್ಲೂ ಇಂಗೇ ಅಂದಿದ್ದ."

ಮೊದಲ ಎರಡು ಭೇಟಿ ನಾನು ಸುಮ್ನೆ ಕಳೆದೆ. ನಿದ್ದೆ, ಮೊಬೈಲು, ದಿನಚರಿ ಅಂತ ಮಾತಾಡಿದೆ. ಅವನು ಒಳ್ಳೆಯ ವಿದ್ಯಾರ್ಥಿ ಥರ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆದುಕೊಳ್ಳುವುದನ್ನು ನೋಡಿಯಾದರೂ ನನಗೆ ಗೊತ್ತಾಗಬೇಕಿತ್ತು.

ಮೂರನೇ ಸಲ ಒಬ್ಬನೇ ಬಂದ. ರೈಲು ತಡವಾಗಿ, ಮಳೆಯಲ್ಲಿ ನೆನೆದು, ಫೈಲನ್ನು ಮಾತ್ರ ಶರ್ಟಿನೊಳಗೆ ಇಟ್ಟುಕೊಂಡು ಬಂದಿದ್ದ. ಟೀ ಕೊಟ್ಟು, ಮಾತಿಗೆ ಅಂತ ಕೇಳಿದೆ: ಸಿಸಿಎನ್‌ಎ ಪಾಸಾದ ದಿನ ಹೇಗನ್ನಿಸಿತು?

"ಆವತ್ತು ಚೆನ್ನಾಗಿತ್ತು ಮೇಡಂ. ಅಮ್ಮ ಪಾಯಸ ಮಾಡಿದ್ರು. ಮಾರನೇ ದಿನ ಬೆಳಗ್ಗೆ ಎದ್ದಾಗ ಹೊಟ್ಟೇಲಿ ಒಂಥರಾ ಆಗೋಕೆ ಶುರುವಾಯ್ತು."

ಯಾಕೆ ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಟೀ ಲೋಟ ನೋಡಿಕೊಂಡೇ ಹೇಳಿದ: "ಓದ್ತಾ ಇದೀನಿ ಅಂದ್ರೆ ಯಾರೂ ಏನೂ ಕೇಳಲ್ಲ ಮೇಡಂ. ಪಾಸಾದ್ಮೇಲೆ ಎಲ್ರೂ ಕೇಳ್ತಾರೆ."

ನಾನು ಪೆನ್ನು ಕೆಳಗಿಟ್ಟೆ. ಆವಾಗ ಕೇಳಬೇಕಾದ್ದನ್ನು ಕೇಳಿದೆ. ಸಿಸಿಎನ್‌ಎ ಆಗಿ ಹದಿನಾಲ್ಕು ತಿಂಗಳಾಯಿತಲ್ಲ, ಎಷ್ಟು ಕಡೆ ಅರ್ಜಿ ಹಾಕಿದೀಯ? ಒಂಬತ್ತು. ಎಷ್ಟು ಇಂಟರ್‌ವ್ಯೂ? ಎರಡು. ಎರಡನೆಯದಕ್ಕೆ ಬಿಲ್ಡಿಂಗ್ ತನಕ ಹೋಗಿ, ಗೇಟಿನ ಎದುರಿನ ಅಂಗಡಿಯಲ್ಲಿ ಒಂದು ಬಾಳೆಹಣ್ಣು ತಿಂದು ವಾಪಸ್ ಬಂದಿದ್ದ. ಮನೆಯಲ್ಲಿ ಕೊಟ್ಟ ಕಾರಣ, ಪೋಸ್ಟ್ ತುಂಬಿ ಹೋಗಿತ್ತಂತೆ.

ಮೊದಲನೆಯದರಲ್ಲಿ ಏನಾಯಿತು ಅಂತ ಹೇಳಿಸಲು ಅರ್ಧ ಗಂಟೆ ಹಿಡಿಯಿತು. ಒಳಗೆ ಒಬ್ಬರೇ ಇದ್ದರಂತೆ. ಫೈಲು ತೆರೆದೂ ನೋಡಲಿಲ್ಲವಂತೆ. "ಆಫೀಸಲ್ಲಿ ಒಬ್ಬರು ಫೋನ್ ಮಾಡಿ ಇಂಟರ್ನೆಟ್ ಬರ್ತಿಲ್ಲ ಅಂತಾರೆ, ಏನ್ ಮಾಡ್ತೀರಿ?" ಅಂತ ಕೇಳಿದ್ದಾರೆ. ಇವನು ನೆಟ್‌ವರ್ಕ್ ಹೇಗೆ ಕೆಲಸ ಮಾಡುತ್ತೆ ಅಂತ ಪುಸ್ತಕದಲ್ಲಿ ಹೇಳುವ ಓಎಸ್ಐ ಮಾಡೆಲ್‌ನ ಏಳು ಲೇಯರ್ ಶುರು ಮಾಡಿದ್ದಾನೆ. ಮೂರನೇ ಲೇಯರಿನಲ್ಲಿ ಅವರು ತಡೆದು, "ಅದೆಲ್ಲ ಸರಿ, ಫೋನಲ್ಲಿ ಇದ್ದಾರಲ್ಲ ಅವರಿಗೆ ಮೊದಲು ಏನ್ ಕೇಳ್ತೀರಿ?" ಅಂದರಂತೆ. ಇವನ ಬಾಯಿ ಕಟ್ಟಿಹೋಯಿತು. ಅದೇ ರಾತ್ರಿ ಮನೆಗೆ ಬಂದು ಮುಂದಿನ ಪರೀಕ್ಷೆಯ ಸಿಲಬಸ್ ಡೌನ್‌ಲೋಡ್ ಮಾಡಿದ.

ಇದರಲ್ಲಿ ಅವನ ತಪ್ಪು ಎಷ್ಟು ಅಂತ ನಾನು ಆಮೇಲೂ ಯೋಚಿಸಿದ್ದೇನೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ. ಹದಿನೈದನೇ ವಯಸ್ಸಿಂದ ನಾವೇ ಇವರಿಗೆ ಹೇಳಿಕೊಡುವುದು, ಏನೇ ಭಯ ಇದ್ದರೂ ಇನ್ನೊಂದು ಪರೀಕ್ಷೆ ಬರೆದರೆ ಹೋಗುತ್ತೆ ಅಂತ. ಓದುವ ಮಗನಿಗೆ ಮನೆಯಲ್ಲಿ ಟಿವಿ ಸೌಂಡ್ ಕಮ್ಮಿ ಮಾಡುತ್ತಾರೆ, ಹಸುವಿಗೆ ಹುಲ್ಲು ತಾ ಅನ್ನುವುದಿಲ್ಲ. ಕೆಲಸ ಹುಡುಕುವ ಮಗನಿಗೆ ಯಾರು ಸೌಂಡ್ ಕಮ್ಮಿ ಮಾಡುತ್ತಾರೆ ಹೇಳಿ? ಇದರ ಮೇಲೆ ಹೆಣ್ಣಿನ ಮಾತು ಬೇರೆ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಹುಡುಗರು ಹೆಣ್ಣು ಸಿಗಲಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿದ್ದು ನೆನಪಿರಬಹುದು. ಬೇರೆ ಊರಿನವರು ನಕ್ಕರು. ಈ ಹುಡುಗನ ಮನೆಯಲ್ಲಿ ಯಾರೂ ನಗಲಿಲ್ಲ. ಬೇಸಾಯದ ಮನೆಗೆ ಹೆಣ್ಣು ಕೊಡಲ್ಲ, ಐಟಿ ಅಂದರೆ ಕೊಡ್ತಾರೆ ಅನ್ನುವ ಮಾತು ಆವತ್ತಿಂದ ಇನ್ನೂ ಗಟ್ಟಿಯಾಯಿತು. ಮೆಕ್ಯಾನಿಕಲ್ ಹುಡುಗ ಐಟಿ ಸರ್ಟಿಫಿಕೇಟ್ ಹಿಂದೆ ಬಿದ್ದದ್ದಕ್ಕೆ ಕಂಪ್ಯೂಟರ್ ಮೇಲಿನ ಆಸೆ ಒಂದೇ ಕಾರಣ ಅಲ್ಲ.

ಆ ದಿನದ ಇನ್ನೊಂದು ವಿಷಯ ಹೇಳಬೇಕು. ಹೊರಡುವ ಹೊತ್ತಿಗೆ ಅವನ ಫೋನು ಬಡಿಯಿತು. ಊರಿನ ಹಾಲಿನ ಡೈರಿ ಸೆಕ್ರೆಟರಿ. ಇವನು ಎದ್ದು ಬಾಗಿಲ ಹತ್ತಿರ ನಿಂತು ಮಾತಾಡಿದ. "ಅಣ್ಣಾ, ನಿಮ್ ಒಂದೇ ಕಂಪ್ಯೂಟರಾ, ಪ್ರಿಂಟರೂ ಓಯ್ತಾ? ಮೊಬೈಲಲ್ಲಿ ವೈಫೈ ಬತ್ತಾ ಅದಾ ನೋಡು. ಆ ಬಿಳೀ ಡಬ್ಬಿ ಮೇಲೆ ಕೆಂಪು ಲೈಟ್ ಮಿಣುಕ್ತಾ ಅದಾ? ಆಫ್ ಮಾಡಿ ಎರಡು ನಿಮಿಷ ಬಿಟ್ಟು ಆನ್ ಮಾಡು. ಆಗ್ಲೂ ಕೆಂಪೇ ಬಂದ್ರೆ ನಿಮ್ದೇನೂ ಅಲ್ಲ, ಫೈಬರ್ ಕಟ್ ಆಗದೆ, ಕೇಬಲ್‌ನೋರಿಗೆ ಏಳು." ಹೋದ ಸಲ ಇಲಿ ಕಡಿದಿತ್ತಂತೆ.

ಫೋನಿಟ್ಟು ಬಂದವನಿಗೆ ಕೇಳಿದೆ, ಇದು ಎಷ್ಟು ದಿನದಿಂದ? ಮೂರು ವರ್ಷದಿಂದ. ದುಡ್ಡು? ಇಲ್ಲ, ಊರಿನೋರಲ್ವಾ. ನಾನು ಅಂದೆ, ನೋಡಪ್ಪ, ನಿನಗೆ ಇಂಟರ್‌ವ್ಯೂನಲ್ಲಿ ಕೇಳಿದ್ದು ಇದನ್ನೇ ತಾನೇ? ಅವನು ನಕ್ಕುಬಿಟ್ಟ. "ಅಯ್ಯೋ ಇದೇನ್ ಬಿಡಿ ಮೇಡಂ, ಇದು ಸಿಲಬಸ್ಸಲ್ಲಿಲ್ಲ."

ನಾನು ಕೊಟ್ಟ ಸಲಹೆ ಹೀಗಿತ್ತು. ಸೆಕ್ಯುರಿಟಿ ಪ್ಲಸ್ ಸದ್ಯಕ್ಕೆ ಬೇಡ. ಆ ಪರೀಕ್ಷೆ ನಡೆಸುವ ಕಾಂಪ್ಟಿಯಾದವರೇ ಅದಕ್ಕೆ ಮುಂಚೆ ಅವರದೇ ನೆಟ್‌ವರ್ಕ್ ಪ್ಲಸ್ ಪರೀಕ್ಷೆ ಮತ್ತು 2 ವರ್ಷದ ಕೆಲಸದ ಅನುಭವ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಕಡ್ಡಾಯ ಅಲ್ಲ, ಸಲಹೆ, ಆದರೂ ಅವರೇ ಹೇಳುವ ಮಾತು. ಹತ್ತು ಇಂಟರ್‌ವ್ಯೂ ಮುಗಿಯುವ ತನಕ ಯಾವ ಪರೀಕ್ಷೆಗೂ ಒಂದು ರೂಪಾಯಿ ಕಟ್ಟುವ ಹಾಗಿಲ್ಲ. ಪಾಸಾಗಬೇಕಿಲ್ಲ, ಒಳಗೆ ಹೋಗಿ ಕೂತು ಬಂದರೆ ಸಾಕು. ಬಾಳೆಹಣ್ಣು ತಿಂದು ವಾಪಸ್ ಬಂದದ್ದು ಲೆಕ್ಕಕ್ಕಿಲ್ಲ. ರೆಸ್ಯೂಮೆಯಲ್ಲಿ ಸಿಸಿಎನ್‌ಎ ಒಂದು ಮೇಲಿರಲಿ, ಅದರ ಕೆಳಗೆ ಡೈರಿಯ ಮೂರು ವರ್ಷದ ಕೆಲಸವನ್ನು ಏನೇನು ಕೆಟ್ಟಿತ್ತು, ಹೇಗೆ ಸರಿ ಮಾಡಿದೆ ಅಂತ ಬರಿ, ಉಳಿದ ಐದು ಸರ್ಟಿಫಿಕೇಟ್ ಒಂದೇ ಸಾಲಿನಲ್ಲಿ ಮುಗಿಸು. ಡೆಸ್ಕ್‌ಟಾಪ್ ಸಪೋರ್ಟ್, ಹೆಲ್ಪ್‌ಡೆಸ್ಕ್, ನೆಟ್‌ವರ್ಕ್ ಸಪೋರ್ಟ್, ಈ ಮೂರಕ್ಕೆ ಮಾತ್ರ ಅರ್ಜಿ ಹಾಕು. ಓದಲೇಬೇಕು ಅನ್ನಿಸಿದರೆ ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ದಿನಾ ಅದರಲ್ಲೇ ಒಂದು ನೆಟ್‌ವರ್ಕ್ ಕಟ್ಟಿ, ಬೇಕಂತ ಕೆಡಿಸಿ, ಸರಿ ಮಾಡು. ಇದರಲ್ಲಿ ಅರ್ಧ ನನ್ನ ತಂಗಿಯ ಗಂಡ ಹೇಳಿಕೊಟ್ಟದ್ದು, ಅವರು ಆ ಲೈನಿನವರು.

ಅಪ್ಪನನ್ನೂ ಒಂದು ದಿನ ಕರೆಸಿದೆ. ಆರು ತಿಂಗಳು 'ಏನಾಯ್ತು' ಅಂತ ಕೇಳಬೇಡಿ, 'ಇವತ್ತು ಎಲ್ಲಿಗೆ ಹೋಗಿದ್ದೆ' ಅಂತ ಕೇಳಿ ಅಂದೆ. ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. "ಕೇಳ್ದೆ ಇದ್ರೆ ಅಪ್ಪ ಯಾಕಿರಾದು ಮೇಡಮ್ಮೋರೆ" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈ ಪ್ರಕರಣ ಕೇಳಿ ನನ್ನ ಗೆಳತಿಯೊಬ್ಬರು ಬೈದರು. ಹಳ್ಳಿ ಹುಡುಗ ಮೇಲೆ ಬರಲಿ ಅಂತ ಓದುತ್ತಿದ್ದರೆ ನೀನು ತಡೀತೀಯ, ಹೆಲ್ಪ್‌ಡೆಸ್ಕಿಗೆ ಇಳಿಸ್ತೀಯ ಅಂತ. ಬೈಯಲಿ. ಆದರೆ ಸರ್ಟಿಫಿಕೇಟ್ ದಂಡ ಅಂತ ನಾನು ಹೇಳಿಲ್ಲ. ಹೇಳಿ ಒಂದು ಸಲ ಕೆಟ್ಟಿದ್ದೇನೆ ಕೂಡ. ಕೆಲವು ವರ್ಷದ ಹಿಂದೆ ಬಿಎಸ್ಸಿ ಮಾಡಿದ ಒಬ್ಬ ಹುಡುಗಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಐಎಸ್‌ಟಿಕ್ಯೂಬಿ ಫೌಂಡೇಷನ್ ಅನ್ನುವ ಟೆಸ್ಟಿಂಗ್ ಪರೀಕ್ಷೆ ಬರೀಲಾ ಅಂದಾಗ, ಒಂದು ಗಂಟೆಯಲ್ಲಿ 40 ಪ್ರಶ್ನೆ ಟಿಕ್ ಮಾಡಿದರೆ ಯಾರು ಕೆಲಸ ಕೊಡ್ತಾರೆ ಅಂತ ಜೋರಾಗಿ ಹೇಳಿದ್ದೆ. ಅವಳು ಬರೆಯಲಿಲ್ಲ. ಜೊತೆಯಲ್ಲಿ ಕಲಿತ ಇಬ್ಬರನ್ನು ಇಂಟರ್‌ವ್ಯೂಗೆ ಕರೆದರು, ಇವಳನ್ನು ಕರೆಯಲಿಲ್ಲ, ಯಾಕೆಂದರೆ ಆ ಜಾಹೀರಾತಿನಲ್ಲಿ ಅದೇ ಬೇಕು ಅಂತ ಇತ್ತು. ಕಂಪ್ಯೂಟರ್ ಸೈನ್ಸ್ ಓದದವರಿಗೆ ಒಂದು ಸರ್ಟಿಫಿಕೇಟ್ ಬಾಗಿಲ ತನಕ ಕರೆದುಕೊಂಡು ಹೋಗುತ್ತೆ, ಅದು ನಿಜ.

ಹಾಗಾಗಿ ಈಗ ಕೇಳಿದವರಿಗೆಲ್ಲ ಒಂದು ಕೆಲಸ ಕೊಡುತ್ತೇನೆ. ನಿಮಗೆ ಬೇಕಾದ ಕೆಲಸದ, ನೀವು ಹೋಗಬಲ್ಲ ಊರಿನ ಇಪ್ಪತ್ತು ಜಾಹೀರಾತು ಬರೆದುಕೊಂಡು ಬನ್ನಿ. ಎಷ್ಟರಲ್ಲಿ ಆ ಸರ್ಟಿಫಿಕೇಟಿನ ಹೆಸರಿದೆ ಎಣಿಸಿ. ನೆಟ್‌ವರ್ಕ್ ಕೆಲಸದವರು ಎಣಿಸಿದಾಗ ಸಿಸಿಎನ್‌ಎ ಸಿಗುತ್ತೆ. ಹೊಸಬರ ಪ್ರೋಗ್ರಾಮಿಂಗ್ ಕೆಲಸದಲ್ಲಿ ಎಣಿಸಿದರೆ ಬಹಳ ಸಲ ಏನೂ ಸಿಗುವುದಿಲ್ಲ, ಅಲ್ಲಿ ಕೋಡ್ ಬರೆಸಿ ನೋಡುತ್ತಾರೆ. ಕ್ಲೌಡ್ ಪ್ರಾಕ್ಟೀಷನರ್ 100 ಡಾಲರಿನ ಪರೀಕ್ಷೆ, ಸೇಲ್ಸ್‌ನವರೂ ಬರೆಯಬಹುದು ಅಂತಲೇ ಮಾಡಿದ್ದು. ಅದನ್ನು ಪಾಸಾದರೆ ಕ್ಲೌಡ್ ಇಂಜಿನಿಯರ್ ಆದ ಹಾಗಲ್ಲ. ಮೊನ್ನೆ ಫೋನ್ ಮಾಡಿದ ತಾಯಿಗೂ ಈ ಇಪ್ಪತ್ತರ ಲೆಕ್ಕವನ್ನೇ ಹೇಳಿದ್ದೇನೆ, ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಇನ್‌ಸ್ಟಿಟ್ಯೂಟ್ ಬಗ್ಗೆಯೂ ಒಂದು ಮಾತು. ಈ ಹುಡುಗನಿಗೆ 'ನೂರಕ್ಕೆ ನೂರು ಕೆಲಸ' ಅಂತ ಬಾಯಲ್ಲಿ ಹೇಳಿದ್ದರು, ರಸೀದಿಯಲ್ಲಿ ಇದ್ದದ್ದು 'ಪ್ಲೇಸ್‌ಮೆಂಟ್ ನೆರವು'. ಜೊತೆಗೆ ಪರೀಕ್ಷೆಯ ಕದ್ದ ಪ್ರಶ್ನೆಗಳ ಪಿಡಿಎಫ್ ಬೇರೆ, ಡಂಪ್ಸ್ ಅನ್ನುತ್ತಾರಂತೆ. ಅದರಿಂದ ಪಾಸಾದದ್ದು ಗೊತ್ತಾದರೆ ಸರ್ಟಿಫಿಕೇಟ್ ರದ್ದು ಮಾಡುತ್ತಾರೆ. ಇವನು ಅದನ್ನು ಮುಟ್ಟಲಿಲ್ಲ ಅನ್ನುತ್ತಾನೆ, ನಾನು ನಂಬುತ್ತೇನೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ನಿಯಮ ತಂದಿದೆ, ಕೆಲಸ ಗ್ಯಾರಂಟಿ ಅಂತ ಸುಳ್ಳು ಭರವಸೆ ಕೊಡುವ ಹಾಗಿಲ್ಲ. ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕಿಂತ ಮೊದಲು ಮಾಡಬಹುದಾದ್ದು, ಒಡವೆ ಇಟ್ಟು ಪೂರ್ತಿ ಫೀಸು ಒಂದೇ ಸಲ ಕಟ್ಟದೇ ಇರುವುದು.

ಹುಡುಗ ಹತ್ತು ಇಂಟರ್‌ವ್ಯೂ ಮುಗಿಸಲಿಲ್ಲ. ಏಳನೆಯದರಲ್ಲಿ ಕೆಲಸ ಆಯಿತು. ಹೂಟಗಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ, ಕಂಟ್ರಾಕ್ಟರ್ ಮೂಲಕ, ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು. ಸಂಬಳ 16,000, ವಾರ ಬಿಟ್ಟು ವಾರ ರಾತ್ರಿ ಪಾಳಿ. ಅಪ್ಪ ಫೋನ್ ಮಾಡಿ, ಇದಕ್ಕೆ ಅಷ್ಟೊಂದು ಸರ್ಟಿಫಿಕೇಟ್ ಬೇಕಿತ್ತಾ ಅಂತ ಕೇಳಿದರು. ಅವನನ್ನೇ ಕೇಳಿದೆ. ಸಿಸಿಎನ್‌ಎ ಇದ್ದದ್ದಕ್ಕೆ ಕರೆದರಂತೆ, ಡೈರಿ ಕಥೆ ಹೇಳಿದ್ದಕ್ಕೆ ತಗೊಂಡರಂತೆ. ಉಳಿದ ಐದರ ಬಗ್ಗೆ ಯಾರೂ ಕೇಳಲಿಲ್ಲ.

ಸಿಸಿಎನ್‌ಎ ಮೂರು ವರ್ಷಕ್ಕೆ ಮುಗಿಯುತ್ತೆ. ಇವನದು ಮುಂದಿನ ಏಪ್ರಿಲ್‌ಗೆ. ಮತ್ತೆ ಪರೀಕ್ಷೆ ಬರೀಬೇಕು, ಇಲ್ಲಾ ಅವರ ಕೋರ್ಸುಗಳಲ್ಲಿ 30 ಕ್ರೆಡಿಟ್ ಸೇರಿಸಬೇಕು. ಹೋದ ತಿಂಗಳು ಬಂದಾಗ ಕೇಳಿದ, ಬರೀಲಾ ಮೇಡಂ? ಕಂಪನಿಯವರು ದುಡ್ಡು ಕೊಡ್ತಾರಾ ಕೇಳು ಅಂದೆ. ಕೇಳೋಕೆ ಇನ್ನೂ ಧೈರ್ಯ ಬಂದಿಲ್ಲವಂತೆ. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ.