ರೊಟ್ಟಿ ಬಡಿಯುವ ಕೈಗೆ ಬಿ.ಪಿ. ಪಟ್ಟಿ

ಪ್ರಶ್ನೆ: ನಮ್ಮವ್ವನಿಗೆ 62 ವರ್ಷ, ಬಿ.ಪಿ. ಗುಳಿಗೆ ನಡೆದಿದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರೆ ಕೈ ನೋಯುತ್ತದೆ ಅಂತಾಳೆ. ಬ್ಯಾಟರಿ ಇಲ್ಲದೆ, ನಾಡಿಯಿಂದಲೇ ಕರೆಂಟ್ ಹುಟ್ಟಿಸಿಕೊಂಡು ದಿನವಿಡೀ ಬಿ.ಪಿ. ತೋರಿಸುವ ಮಣಿಕಟ್ಟಿನ ಪಟ್ಟಿ ಬಂದಿದೆಯಂತೆ. ತರಿಸೋಣವೇ?
– ಓದುಗರೊಬ್ಬರು, ಸೇಡಂ

ಉತ್ತರ: ತರಿಸಿದರೂ ತೋಳಿನ ಯಂತ್ರವನ್ನು ಮೂಲೆಗೆ ಹಾಕಬೇಡಿ. ಇಂಥ ಪಟ್ಟಿಯೊಳಗೆ ಇರುವುದು ಹೆಚ್ಚಾಗಿ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ಕಿನಂಥ ತೆಳು ಪೀಜೋಎಲೆಕ್ಟ್ರಿಕ್ (ಬಾಗಿದರೆ ವಿದ್ಯುತ್ ಹುಟ್ಟಿಸುವ) ಹಾಳೆ. ನಾಡಿ ಬಡಿದಾಗ ಅದು ಬಾಗಿ ಒಂದಿಷ್ಟು ವಿದ್ಯುದಾವೇಶ ಹುಟ್ಟುತ್ತದೆ, ಹುಟ್ಟಿದ್ದು ಬೇಗನೆ ಸೋರಿಹೋಗುತ್ತದೆ. ಹಾಗಾಗಿ ಒತ್ತಡ ಏರಿಳಿದದ್ದು ತಿಳಿಯುತ್ತದೆ, ಎಷ್ಟಿದೆ ಎಂಬುದು ನೇರವಾಗಿ ತಿಳಿಯುವುದಿಲ್ಲ. ಒತ್ತಡ ಹೆಚ್ಚಿದರೆ ರಕ್ತನಾಳ ಬಿಗಿದು ನಾಡಿಯಲೆ ಬೇಗ ಓಡುತ್ತದೆ. ಆ ವೇಗದಿಂದ, ಅಲೆಯ ಆಕಾರದಿಂದ ಅಂದಾಜು ಕಟ್ಟುತ್ತಾರೆ. ಅಂದಾಜಿನ ಮೊದಲ ಅಂಕಿ ಬರುವುದು ತೋಳಿನ ಯಂತ್ರದಿಂದಲೇ, ಆಗಾಗ ಮತ್ತೆ ಹೊಂದಿಸುತ್ತಲೂ ಇರಬೇಕು.

‘ಬ್ಯಾಟರಿ ಬೇಡ’ ಎಂಬುದೂ ಅರ್ಧ ಮಾತು. ನಾಡಿಯಿಂದ ಸಿಗುವುದು ಮೈಕ್ರೋವ್ಯಾಟ್ ಲೆಕ್ಕದ ಶಕ್ತಿ. ಅಂಕಿಯನ್ನು ಮೊಬೈಲಿಗೆ ಕಳಿಸುವ ಬ್ಲೂಟೂತ್‌ಗೆ ಮಿಲಿವ್ಯಾಟ್‌ಗಳು ಬೇಕು, ಒಂದು ಮಿಲಿವ್ಯಾಟ್ ಎಂದರೆ ಸಾವಿರ ಮೈಕ್ರೋವ್ಯಾಟ್.

ಪಟ್ಟಿ ನಾಡಿಯಿಂದ ಕೆಲವೇ ಮಿಲಿಮೀಟರ್ ಸರಿದರೂ ಅಲೆ ಕೆಡುತ್ತದೆ. ರೊಟ್ಟಿ ಬಡಿಯುವಾಗಂತೂ ಕೈಯ ಅಲುಗಾಟದ ಮುಂದೆ ನಾಡಿಯ ಸುಳಿವೇ ಮುಚ್ಚಿಹೋಗುತ್ತದೆ. ಕೈ ಎದೆಮಟ್ಟಕ್ಕಿಂತ 20 ಸೆಂ.ಮೀ. ಕೆಳಗಿದ್ದರೆ ಮಣಿಕಟ್ಟಿನ ಒತ್ತಡವೇ ಸುಮಾರು 15 ಮಿ.ಮೀ. (ಬಿ.ಪಿ. ಅಳೆಯುವ ಪಾದರಸದ ಲೆಕ್ಕ) ಹೆಚ್ಚು. ಉಜ್ಜುವಿಕೆಯಿಂದ ವಿದ್ಯುತ್ ಹುಟ್ಟಿಸುವ ಟ್ರೈಬೋಎಲೆಕ್ಟ್ರಿಕ್ ಬಗೆಯದ್ದಾದರೆ, ಬೇಸಿಗೆಯಲ್ಲಿ ಪಟ್ಟಿಯಡಿ ನಿಲ್ಲುವ ಬೆವರೇ ಆವೇಶವನ್ನು ಸೋರಿಸಿಬಿಡುತ್ತದೆ.

ನೋವಿಗೆ ಕಾರಣ ತೋಳಿನ ಯಂತ್ರದ ಚಿಕ್ಕ ಪಟ್ಟಿ ಇರಬಹುದು. ತೋಳಿನ ಸುತ್ತಳತೆ ತೆಗೆಯಿರಿ: 32 ಸೆಂ.ಮೀ. ದಾಟಿದ್ದರೆ 22–32ರ ಪಟ್ಟಿ ಸಾಲದು, ಅಂಕಿಯನ್ನೂ ಹೆಚ್ಚು ತೋರಿಸುತ್ತದೆ. ನಡುವೆ ಕೈ ಅಲುಗಿದರೂ ಯಂತ್ರ ಮತ್ತೆ ಬಿಗಿಯಾಗಿ ಗಾಳಿ ತುಂಬುತ್ತದೆ. ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲೆ ಕಟ್ಟಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿಸಿ. ಬೆಳಿಗ್ಗೆ ಗುಳಿಗೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ 1 ನಿಮಿಷ ಬಿಟ್ಟು ನೋಡಿ. ಹೀಗೆ 7 ದಿನ ಬರೆದಿಟ್ಟು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ಅಥವಾ ಮೇಲಿದ್ದರೆ ಚೀಟಿ ಸಮೇತ ಡಾಕ್ಟರಲ್ಲಿಗೆ ಹೋಗಿ. ಗುಳಿಗೆ ನೀವೇ ಏರಿಸಬೇಡಿ.

ಪ್ರಶ್ನೆ: ಕೈಗಡಿಯಾರ 118 ಅನ್ನುತ್ತದೆ, ತೋಳಿನ ಯಂತ್ರ 138. ಯಾವುದು ನಿಜ?
– ಓದುಗರು, ಬೀದರ್

ಉತ್ತರ: ಪಟ್ಟಿಯ ಅಳತೆ ಸರಿಯಿದ್ದರೆ ತೋಳಿನದ್ದನ್ನೇ ನಂಬಿ. ಗಡಿಯಾರವನ್ನು ಅದಕ್ಕೆ ಮತ್ತೆ ಹೊಂದಿಸಿ, ಆಮೇಲೂ ಇಷ್ಟೇ ಅಂತರ ಉಳಿದರೆ ಅದರಲ್ಲಿ ಟೈಮ್ ಮಾತ್ರ ನೋಡಿ.