ವಾಚಕರ ಪ್ರಶ್ನೆ, ನಮ್ಮ ಉತ್ತರ: ಕೀಲಿ ಜೇಬಿನಲ್ಲಿ, ಕಾರು ರಸ್ತೆಯಲ್ಲಿ

ತುಮಕೂರು ಜಿಲ್ಲೆಯ ವಾಚಕರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳನ್ನು ಕುರಿತವು. ಹೊಗಳಿಕೆ, ದೂರು, ಅನುಮಾನ ಎಲ್ಲವೂ ಅವುಗಳಲ್ಲಿ ಇರುವುದರಿಂದ ಅಂಕಣವನ್ನು ಇಡಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಅಂಬಾಸಿಡರ್ ಕಾಲದಿಂದಲೂ ಕೀಲಿ ತಿರುಗಿಸಿಯೇ ಗಾಡಿ ಓಡಿಸಿದವನು ನಾನು. ಮಗ ಈಗ ತಂದಿರುವ ಕಾರಿನಲ್ಲಿ ಕೀಲಿ ಹಾಕುವ ಜಾಗವೇ ಇಲ್ಲ. ಇದು ನಿಜವಾದ ಸುಧಾರಣೆಯೋ ಅಥವಾ ಬೆಲೆ ಏರಿಸಲು ಕಂಪನಿಗಳು ಕಂಡುಕೊಂಡ ಉಪಾಯವೋ ದಯವಿಟ್ಟು ತಿಳಿಸಿ.
– ನಿವೃತ್ತ ಉಪನ್ಯಾಸಕರು, ತಿಪಟೂರು

ಉತ್ತರ: ಗುಂಡಿ ಒತ್ತುವ ಪದ್ಧತಿ ಕೀಲಿ ತಿರುಗಿಸುವ ಪದ್ಧತಿಗಿಂತ ಹಳೆಯದು ಎಂದರೆ ತಮಗೆ ಆಶ್ಚರ್ಯವಾಗಬಹುದು. ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ಕಷ್ಟವನ್ನು ತಪ್ಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಿತು. ಆ ಬಳಿಕ ಹಲವು ದಶಕಗಳ ಕಾಲ ಬಹಳಷ್ಟು ಗಾಡಿಗಳಲ್ಲಿ ಕೀಲಿಯು ಕರೆಂಟು ಹರಿಸುವುದಕ್ಕಷ್ಟೇ ಇತ್ತು. ಎಂಜಿನ್ ತಿರುಗಿಸಲು ಬೇರೆಯೇ ಗುಂಡಿ ಇರುತ್ತಿತ್ತು. ಹಳೆಯ ವಿಲ್ಲೀಸ್ ಜೀಪಿನಲ್ಲಿ ಆ ಗುಂಡಿ ನೆಲದಲ್ಲಿದ್ದು, ಅದನ್ನು ಕಾಲಿನಿಂದ ಒತ್ತಬೇಕಾಗಿತ್ತು. ಈ ಎರಡೂ ಕೆಲಸಗಳನ್ನು ಒಂದೇ ಕೀಲಿಗೆ ವಹಿಸಿದ್ದು ಕ್ರೈಸ್ಲರ್ ಕಂಪನಿ, 1949ರಲ್ಲಿ.

ಆದ್ದರಿಂದ ಹೊಸತು ಎನ್ನಬೇಕಾದದ್ದು ಗುಂಡಿಯನ್ನಲ್ಲ, ಜೇಬಿನಲ್ಲಿ ಕೀಲಿಯಾಗಿ ಕುಳಿತಿರುವ ಪುಟ್ಟ ರೇಡಿಯೊವನ್ನು. 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಎಸ್-ಕ್ಲಾಸ್ ಕಾರಿನಲ್ಲಿ ಕೊಟ್ಟ ಈ ಸೌಲಭ್ಯ ಇಂದು ನಮ್ಮ ಸಣ್ಣ ಕಾರುಗಳ ಮೇಲಿನ ವೇರಿಯಂಟುಗಳಿಗೂ ಇಳಿದಿದೆ. ಬಾಗಿಲ ಹಿಡಿಯನ್ನು ಮುಟ್ಟಿದಾಗ ಅಥವಾ ಗುಂಡಿ ಒತ್ತಿದಾಗ ಕಾರು ಸಾಮಾನ್ಯವಾಗಿ 125 ಕಿಲೊಹರ್ಟ್ಸ್ ಆಸುಪಾಸಿನ ಕಡಿಮೆ ಆವರ್ತನದ ತರಂಗದಲ್ಲಿ ಕೀಲಿಯನ್ನು ಕರೆಯುತ್ತದೆ. ಆ ಕರೆ ಒಂದೆರಡು ಮೀಟರಿಗಿಂತ ದೂರಕ್ಕೆ ಮುಟ್ಟದು. ಕೀಲಿಯು 433 ಮೆಗಾಹರ್ಟ್ಸ್‌ನಂಥ ಹೆಚ್ಚಿನ ಆವರ್ತನದ ತರಂಗದಲ್ಲಿ ಪ್ರತಿಸಲವೂ ಬದಲಾಗುವ ಸಂಕೇತವೊಂದನ್ನು ಉತ್ತರವಾಗಿ ಕಳುಹಿಸುತ್ತದೆ. ಕಾರಿನ ಒಳಗೂ ಹೊರಗೂ ಹಲವು ಆಂಟೆನಾಗಳು ಇರುವುದರಿಂದ ಕೀಲಿಯು ಸೀಟಿನ ಬಳಿ ಇದೆಯೋ ಬಾಗಿಲ ಹೊರಗಿದೆಯೋ ಎಂಬುದೂ ಅದಕ್ಕೆ ತಿಳಿಯುತ್ತದೆ.

ಸುಧಾರಣೆಯೇ ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು, ಆದರೆ ಒಂದು ಷರತ್ತಿನೊಂದಿಗೆ. ಬೆರಳ ಗಂಟುಗಳು ನೋಯುವ ವಯಸ್ಸಿನವರಿಗೆ, ಎರಡೂ ಕೈಗಳಲ್ಲಿ ಚೀಲ ಹಿಡಿದು ಮಳೆಯಲ್ಲಿ ನಿಂತವರಿಗೆ ಇದು ನಿಜವಾದ ಅನುಕೂಲ. ಕೀಲಿಯೇನೂ ದೋಷವಿಲ್ಲದ ಸಾಧನವಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು 2014ರಲ್ಲಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಗಿ ಬಂದದ್ದು ಕೀಲಿ ತಿರುಗಿಸುವ ಸ್ವಿಚ್ಚಿನ ದೋಷದಿಂದಲೇ: ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಾಟಕ್ಕೋ ಕೀಲಿ ಹಿಂದಕ್ಕೆ ಸರಿದು, ಓಡುವಾಗಲೇ ಎಂಜಿನ್ ನಿಂತು, ಏರ್‌ಬ್ಯಾಗ್ ಕೂಡ ತೆರೆದುಕೊಳ್ಳದೆ ಹೋಗುತ್ತಿತ್ತು. ಕಂಪನಿಯೇ ಸ್ಥಾಪಿಸಿದ ಪರಿಹಾರ ನಿಧಿಯು ಈ ಕಾರಣದಿಂದಾದ 124 ಸಾವುಗಳನ್ನು ಒಪ್ಪಿಕೊಂಡಿತು. ಹಾಗಿದ್ದರೂ ಹಳೆಯ ಕೀಲಿಗೆ ಒಂದು ದೊಡ್ಡ ಗುಣವಿತ್ತು. ಅದು ನಮ್ಮ ಕೈಯಲ್ಲಿ ಇದೆ ಎಂದರೆ ಎಂಜಿನ್ ನಿಂತಿದೆ ಎಂದೇ ಅರ್ಥ. ಬೇರೆ ಯಾವ ಸಾಕ್ಷಿಯೂ ಬೇಕಿರಲಿಲ್ಲ. ಗುಂಡಿಯ ಕಾರಿನಲ್ಲಿ ಆ ಸಾಕ್ಷಿ ಇಲ್ಲ. ಅದನ್ನು ಅಭ್ಯಾಸದಿಂದ ತುಂಬಿಕೊಳ್ಳಬೇಕು ಎಂಬುದೇ ನಾನು ಹೇಳಿದ ಷರತ್ತು. ಶೋರೂಮಿನಲ್ಲಿ ಗಾಡಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಆಳೆತ್ತರದ ರಟ್ಟಿನ ಕೀಲಿಯನ್ನು ಕೈಗಿತ್ತು ಫೋಟೊ ತೆಗೆಯುತ್ತಾರೆ (ಕೀಲಿ ತಿರುಗಿಸುವ ಕೆಲಸವೇ ಇಲ್ಲದ ಕಾರಿಗೂ ಇದು ತಪ್ಪಿಲ್ಲ). ಸ್ಟಾರ್ಟ್ ಮಾಡುವುದನ್ನೂ ತೋರಿಸಿಕೊಡುತ್ತಾರೆ. ನಿಲ್ಲಿಸುವುದನ್ನು ಹೇಳಿಕೊಡುವವರು ಮಾತ್ರ ಅಪರೂಪ.

ಪ್ರಶ್ನೆ: ನಮ್ಮ ಯಜಮಾನರು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಅವರೇ ಕಾರು ಓಡಿಸಿಕೊಂಡು ತುಮಕೂರು ರೈಲು ನಿಲ್ದಾಣದ ಮುಂದೆ ಇಳಿದರು. ಎಂಜಿನ್ ಆಫ್ ಮಾಡದೆ ನಾನು ಡ್ರೈವರ್ ಸೀಟಿಗೆ ಬಂದೆ. ಏನೋ ಬೀಪ್ ಎಂದಿತು, ಮೀಟರಿನಲ್ಲಿ ಏನೋ ಬರಹ ಬಂದು ಹೋಯಿತು, ಹಿಂದೆ ಆಟೋದವರು ಹಾರ್ನ್ ಹೊಡೆಯುತ್ತಿದ್ದುದರಿಂದ ಗಮನಿಸಲಿಲ್ಲ. ಸೊಪ್ಪು ಕೊಳ್ಳಲು ನಿಲ್ಲಿಸಿ ಆಫ್ ಮಾಡಿದ ಮೇಲೆ ಕಾರು ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಕೀಲಿ ಅವರ ಜೇಬಿನಲ್ಲಿ, ಅವರು ರೈಲಿನಲ್ಲಿ. ಕೀಲಿ ಇಲ್ಲದೆ ಕಾರು ಓಡಿದ್ದಾದರೂ ಹೇಗೆ? ಇದು ತಯಾರಿಕೆಯ ದೋಷವಲ್ಲವೇ?
– ಗೃಹಿಣಿ, ತುಮಕೂರು

ಉತ್ತರ: ದೋಷವಲ್ಲ, ತಾಯಿ; ಬೇಕೆಂದೇ ಹಾಗೆ ಮಾಡಿದ್ದಾರೆ. ಈ ಕಾರುಗಳು ಕೀಲಿಯನ್ನು ವಿಚಾರಿಸುವುದು ಮುಖ್ಯವಾಗಿ ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ. ಒಮ್ಮೆ ಎಂಜಿನ್ ಶುರುವಾದ ಮೇಲೆ ಕೀಲಿ ಕಾಣೆಯಾದರೆ ಎಚ್ಚರಿಕೆ ಕೊಡುತ್ತವೆಯೇ ಹೊರತು ಎಂಜಿನ್ ನಿಲ್ಲಿಸುವುದಿಲ್ಲ. ಅದಕ್ಕೆ ಕಾರಣವೂ ಸರಿಯಾದದ್ದೇ: ಕೀಲಿಯೊಳಗಿನ ಸೆಲ್ಲು ದಾರಿಯ ನಡುವೆ ತೀರಿಹೋದರೆ, ಅಥವಾ ಪಕ್ಕದಲ್ಲಿಟ್ಟ ಮೊಬೈಲು, ಚಾರ್ಜರುಗಳ ಕಿರಿಕಿರಿಯಿಂದ ಸಂಪರ್ಕ ಕ್ಷಣಕಾಲ ತಪ್ಪಿದರೆ, ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ಓಡುತ್ತಿರುವ ಕಾರು ಇದ್ದಕ್ಕಿದ್ದಂತೆ ನಿಂತುಬಿಡಬಾರದಲ್ಲವೇ?

ತಾವು ಕೇಳಿಸಿಕೊಂಡ ಬೀಪ್, ಮೀಟರಿನಲ್ಲಿ ಮೂಡಿದ ಬರಹ ಎರಡೂ ‘ಕೀಲಿ ಗಾಡಿಯಲ್ಲಿಲ್ಲ’ ಎಂಬ ಎಚ್ಚರಿಕೆಯೇ. ಆ ಸಂದರ್ಭದಲ್ಲಿ ಎಂಜಿನ್ ಆಫ್ ಮಾಡದೆ ನೇರ ಮನೆಗೆ ಹೋಗಿದ್ದರೆ ಎರಡನೆಯ ಕೀಲಿಯಿಂದ ಮುಂದಿನ ಕೆಲಸ ನಡೆಯುತ್ತಿತ್ತು. ಚಾಲಕರು ಬದಲಾಗುವಾಗ ಎಂಜಿನ್ ನಿಲ್ಲಿಸಿ, ಸೀಟಿಗೆ ಬಂದವರೇ ಮತ್ತೆ ಸ್ಟಾರ್ಟ್ ಮಾಡುವುದು ಒಳ್ಳೆಯದು. ಕೀಲಿ ಎಲ್ಲಿದೆ ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ. ಯಜಮಾನರಿಗೂ ತಮಗೂ ಒಂದೊಂದು ಕೀಲಿ ಇರಲಿ. ಎರಡನೆಯ ಕೀಲಿ ಬೀರುವಿನಲ್ಲಿ ಇದ್ದು ಯಾರಿಗೂ ಪ್ರಯೋಜನವಿಲ್ಲ.

ಪ್ರಶ್ನೆ: ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಓಡಾಡುವವನು ನಾನು. ಆಕ್ಸಿಲರೇಟರ್ ಸಿಕ್ಕಿಕೊಂಡರೆ ಹಳೆಯ ಕಾರಿನಲ್ಲಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಬಹುದಿತ್ತು. ಓಡುವಾಗ ಗುಂಡಿ ಒತ್ತಿದರೆ ಏನಾಗುತ್ತದೆ?
– ವ್ಯಾಪಾರಿ, ಶಿರಾ

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ತಮ್ಮದು. ಒಮ್ಮೆ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮಗುವಿನ ಕೈಯೋ ಚೀಲದ ಅಂಚೋ ತಗಲಿ ಎಂಜಿನ್ ನಿಲ್ಲಬಾರದೆಂದು ಓಡುವ ಗಾಡಿಯಲ್ಲಿ ಒಂಟಿ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುಂಡಿಯನ್ನು ಎರಡು-ಮೂರು ಸೆಕೆಂಡು ಒತ್ತಿ ಹಿಡಿಯಬೇಕು, ಇಲ್ಲವೇ ಬೆನ್ನುಬೆನ್ನಿಗೆ ಹಲವು ಬಾರಿ ಒತ್ತಬೇಕು. ಯಾವುದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ತಮ್ಮ ಕಾರಿನ ಕೈಪಿಡಿಯಲ್ಲಿ ಅದು ಇದ್ದೇ ಇರುತ್ತದೆ.

ಇದನ್ನು ತಿಳಿಯದಿರುವುದರ ಬೆಲೆ ಎಷ್ಟು ದೊಡ್ಡದಾಗಬಹುದು ಎಂಬುದನ್ನು 2009ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸಮೀಪ ನಡೆದ ಅಪಘಾತ ತೋರಿಸಿತು. ತಾತ್ಕಾಲಿಕ ಬಳಕೆಗೆ ಪಡೆದಿದ್ದ ಲೆಕ್ಸಸ್ ಕಾರಿನಲ್ಲಿ ಬೇರೆ ಮಾದರಿಯ ಮ್ಯಾಟ್ ಹಾಕಲಾಗಿತ್ತು. ಆಕ್ಸಿಲರೇಟರ್ ಪೆಡಲ್ ಅದಕ್ಕೆ ಸಿಕ್ಕಿಕೊಂಡು ಕಾರು ಹತೋಟಿ ತಪ್ಪಿತು. ಒಂದೇ ಕುಟುಂಬದ ನಾಲ್ವರು ಸತ್ತರು. ಓಡಿಸುತ್ತಿದ್ದವರು ಅನನುಭವಿಯೇನಲ್ಲ, ಹೆದ್ದಾರಿ ಪೊಲೀಸ್ ಅಧಿಕಾರಿ. ಆ ಕಾರಿನಲ್ಲಿ ಎಂಜಿನ್ ನಿಲ್ಲಿಸಲು ಗುಂಡಿಯನ್ನು 3 ಸೆಕೆಂಡು ಒತ್ತಿ ಹಿಡಿಯಬೇಕಿತ್ತು. ಗಾಬರಿಯಲ್ಲಿರುವ ಮನುಷ್ಯ ಗುಂಡಿಯನ್ನು ಕುಟ್ಟುತ್ತಾನೆಯೇ ಹೊರತು ಎಣಿಸುತ್ತಾ ಹಿಡಿದು ಕೂರುವುದಿಲ್ಲ. 2011ರ ಡಿಸೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯು ಎಲ್ಲ ಕಾರುಗಳಲ್ಲಿಯೂ ಅರ್ಧ ಸೆಕೆಂಡು ಒತ್ತಿದರೆ ಎಂಜಿನ್ ನಿಲ್ಲುವಂತಿರಬೇಕೆಂಬ ಪ್ರಸ್ತಾವವನ್ನು ಮುಂದಿಟ್ಟಿತು. ಕಂಪನಿಗೊಂದು ರೀತಿ ಎಂಬ ಈ ಅವ್ಯವಸ್ಥೆಯನ್ನು ನಾನು ಒಪ್ಪಲಾರೆ. ಬ್ರೇಕ್ ಪೆಡಲ್ ಎಲ್ಲ ಕಾರುಗಳಲ್ಲಿಯೂ ಒಂದೇ ಕಡೆ ಇರುವಂತೆ ತುರ್ತಾಗಿ ನಿಲ್ಲಿಸುವ ಕ್ರಮವೂ ಒಂದೇ ಇರಬೇಕು.

ತಾವು ಮಾಡಬೇಕಾದುದು ಇಷ್ಟು. ಆಕ್ಸಿಲರೇಟರ್ ಸಿಕ್ಕಿಕೊಂಡಾಗ ಮೊದಲು ಗುಂಡಿಗೆ ಕೈ ಹಾಕಬೇಡಿ. ಬ್ರೇಕನ್ನು ಒಂದೇ ಸಮನೆ ಬಲವಾಗಿ ತುಳಿದು ಹಿಡಿಯಿರಿ. ಬಿಟ್ಟು ಬಿಟ್ಟು ತುಳಿದರೆ ಬ್ರೇಕಿಗೆ ನೆರವಾಗುವ ನಿರ್ವಾತ ಖಾಲಿಯಾಗಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಎಷ್ಟೇ ಅರಚಿಕೊಂಡರೂ ಆ ಶಕ್ತಿ ಚಕ್ರಕ್ಕೆ ಮುಟ್ಟದು. ಕಾರನ್ನು ಎಡಕ್ಕೆ ತಂದು ನಿಲ್ಲಿಸಿದ ಮೇಲೆ ಎಂಜಿನ್ ಬಂದ್ ಮಾಡಿ. ನ್ಯೂಟ್ರಲ್ ಬೀಳದಿದ್ದರೆ ಮಾತ್ರ ಓಡುವಾಗಲೇ ಗುಂಡಿಯನ್ನು ಒತ್ತಿ ಹಿಡಿಯಿರಿ. ಆಗ ಸ್ಟೀರಿಂಗ್ ಭಾರವಾಗುತ್ತದೆ ಎಂಬುದು ನೆನಪಿರಲಿ. ಡ್ರೈವರ್ ಸೀಟಿನ ಕೆಳಗೆ ಒಂದರ ಮೇಲೊಂದು ಮ್ಯಾಟ್ ಹಾಕಿಕೊಂಡಿದ್ದರೆ ಇಂದೇ ತೆಗೆಯಿರಿ.

ಪ್ರಶ್ನೆ: ಕೀಲಿಯನ್ನು ಮುಟ್ಟದೆಯೇ ಕಳ್ಳರು ಇಂಥ ಕಾರುಗಳನ್ನು ಒಯ್ಯುತ್ತಾರೆಂದು ವಿಡಿಯೊಗಳಲ್ಲಿ ನೋಡಿದೆ. ನಮ್ಮ ಕಾರು ಪೋರ್ಟಿಕೋದಲ್ಲಿ ನಿಲ್ಲುತ್ತದೆ. ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಭಯಪಡಬೇಕೇ?
– ಸರ್ಕಾರಿ ನೌಕರರು, ಕುಣಿಗಲ್

ಉತ್ತರ: ವಿಡಿಯೊಗಳಲ್ಲಿ ತೋರಿಸುವುದು ಸುಳ್ಳಲ್ಲ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಗಳನ್ನು ಪರೀಕ್ಷಿಸಿ, ಹತ್ತೂ ಕಾರುಗಳು ಈ ಉಪಾಯಕ್ಕೆ ಬಾಗುತ್ತವೆಂದು ತೋರಿಸಿಕೊಟ್ಟರು. ಸಂಕೇತವನ್ನು ಭೇದಿಸುವ ಗೋಜಿಗೇ ಕಳ್ಳರು ಹೋಗುವುದಿಲ್ಲ. ಒಬ್ಬ ಕಾರಿನ ಬಳಿ, ಇನ್ನೊಬ್ಬ ಕೀಲಿ ಇರುವ ಗೋಡೆಯ ಬಳಿ ನಿಂತು, ತಮ್ಮ ಉಪಕರಣಗಳ ಮೂಲಕ ಕಾರಿನ ಕರೆಯನ್ನು ಕೀಲಿಯವರೆಗೂ ಕೀಲಿಯ ಉತ್ತರವನ್ನು ಕಾರಿನವರೆಗೂ ಹಾಯಿಸುತ್ತಾರೆ. ಕೀಲಿ ಪಕ್ಕದಲ್ಲಿಯೇ ಇದೆಯೆಂದು ಕಾರು ನಂಬುತ್ತದೆ. ತುಮಕೂರಿನ ಓದುಗರಿಗೆ ಮೇಲೆ ಹೇಳಿದಂತೆ, ಒಮ್ಮೆ ಸ್ಟಾರ್ಟ್ ಆದ ಕಾರು ಕೀಲಿ ದೂರವಾದರೂ ನಿಲ್ಲುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಅಷ್ಟೇ.

ಭಯ ಬೇಡ, ಮೊಳೆಯ ಜಾಗ ಬದಲಾಯಿಸಿ. ಪೋರ್ಟಿಕೋಗೆ ತಾಗಿದ ಗೋಡೆಯಿಂದ ಕೀಲಿ ದೂರವಿರಲಿ. ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿಯಾಗಲಿ, ಇದಕ್ಕೆಂದೇ ಮಾರುವ ಲೋಹದ ಪದರದ ಚೀಲವಾಗಲಿ ತರಂಗವನ್ನು ತಡೆಯಬಲ್ಲದು. ಕೀಲಿಯನ್ನು ಅದರೊಳಗಿಟ್ಟು ಕಾರಿನ ಪಕ್ಕದಲ್ಲಿಯೇ ನಿಂತು ಬಾಗಿಲು ತೆಗೆದು ನೋಡಿ, ತೆರೆದುಕೊಂಡರೆ ಆ ಡಬ್ಬಿ ಉಪಯೋಗವಿಲ್ಲ. ಕೆಲವು ಹೊಸ ಕೀಲಿಗಳು ಅಲುಗಾಡದೆ ಇದ್ದಾಗ ತಾವಾಗಿಯೇ ಮಲಗುತ್ತವೆ. ತರಂಗ ಹೋಗಿಬರಲು ಹಿಡಿದ ಸಮಯದಿಂದಲೇ ದೂರವನ್ನು ಅಳೆಯುವ ಇನ್ನೂ ಹೊಸ ವಿಧಾನ ದುಬಾರಿ ಕಾರುಗಳಲ್ಲಿ ಬಂದಿದೆ. ನನ್ನನ್ನು ಕೇಳಿದರೆ, ನಮ್ಮ ಮೆಕ್ಯಾನಿಕರು ಕೂರಿಸಿಕೊಡುವ ಗಟ್ಟಿಮುಟ್ಟಾದ ಗೇರ್ ಲಾಕ್ ಈಗಲೂ ಒಳ್ಳೆಯ ಕಾವಲು. ಕಾರು ಕಳವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಲಿಗಳನ್ನು ಕೇಳುತ್ತವೆ. ಒಂದು ಕೀಲಿ ಈಗಾಗಲೇ ಕಳೆದಿದ್ದರೆ ಅದನ್ನು ಲಿಖಿತವಾಗಿ ತಿಳಿಸಿಡಿ.

ಪ್ರಶ್ನೆ: ಕೀಲಿಯ ಸೆಲ್ಲು ತೀರಿದರೆ ರಾತ್ರಿ ದಾರಿಯಲ್ಲಿ ಗತಿಯೇನು?
– ವಿದ್ಯಾರ್ಥಿ, ಮಧುಗಿರಿ

ಉತ್ತರ: ಕೀಲಿಯೊಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆಗೆಯಿರಿ. ಬ್ರೇಕನ್ನು, ಗೇರಿನ ಕಾರಾದರೆ ಕ್ಲಚ್ಚನ್ನು, ತುಳಿದು, ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಕೆಲವು ಕಾರುಗಳಲ್ಲಿ ಇದಕ್ಕೆ ಬೇರೆ ಜಾಗ ಗುರುತಿಸಿರುತ್ತಾರೆ. ಅಷ್ಟು ಹತ್ತಿರದಲ್ಲಿ ಕೀಲಿಯ ಚಿಪ್‌ಗೆ ಸೆಲ್ಲಿನ ಅಗತ್ಯವಿಲ್ಲ, ಕಾರೇ ಅದಕ್ಕೆ ಶಕ್ತಿ ಕೊಡುತ್ತದೆ. ಹೆಚ್ಚಿನ ಕೀಲಿಗಳಿಗೆ ಹಿಡಿಸುವ ಸಿಆರ್ 2032 ಸೆಲ್ಲು ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಕಾರಿನ ದೊಡ್ಡ ಬ್ಯಾಟರಿಯೇ ಪೂರಾ ಇಳಿದಿದ್ದರೆ ಮಾತು ಬೇರೆ. ಆಗ ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ವಿದ್ಯೆ ನಡೆಯದು, ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟು ಹಾಯಿಸುವ ಜಂಪರ್ ಕೇಬಲ್ಲೇ ಬೇಕು.

ಪ್ರಶ್ನೆ: ನಮ್ಮ ತಂದೆಯವರಿಗೆ ಕಿವಿ ಮಂದ. ಹೊಸ ಹೈಬ್ರಿಡ್ ಕಾರನ್ನು ಶೆಟರ್ ಇರುವ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಆಫ್ ಮಾಡಲು ಮರೆತರೆ ಅಪಾಯವೇ?
– ಶಿಕ್ಷಕಿ, ತುಮಕೂರು

ಉತ್ತರ: ಅಪಾಯವೇ. ಎಂಜಿನ್, ವಿದ್ಯುತ್ ಮೋಟರು ಎರಡೂ ಇರುವ ಇಂಥ ಕಾರು ನಿಂತಾಗ ಎಂಜಿನ್ ತಾನಾಗಿ ಮೌನವಾಗುತ್ತದೆ. ಆಫ್ ಆಯಿತೆಂದುಕೊಂಡು ಇಳಿದುಹೋದರೆ, ಬ್ಯಾಟರಿ ಇಳಿದಾಗ ಎಂಜಿನ್ ಮತ್ತೆ ತಾನೇ ಶುರುವಾಗಬಹುದು. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮನೆಗೆ ಅಂಟಿದ ಗ್ಯಾರೇಜುಗಳು ಹೆಚ್ಚಿರುವ ಅಮೆರಿಕದಲ್ಲಿ ಕೀಲಿರಹಿತ ಕಾರುಗಳಿಂದ ಹೀಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಸತ್ತವರಲ್ಲಿ ವೃದ್ಧರೇ ಹೆಚ್ಚು. ಇಂತಿಷ್ಟು ಹೊತ್ತಿನ ಬಳಿಕ ಎಂಜಿನ್ ತಾನಾಗಿ ನಿಲ್ಲುವಂತೆ ನಿಯಮ ರೂಪಿಸಬೇಕೆಂದು 2021ರ ಕಾನೂನು ಅಲ್ಲಿ ವಿಧಿಸಿತು. ತಮ್ಮ ಕಾರಿನಲ್ಲಿ ಆ ವ್ಯವಸ್ಥೆ ಇದೆಯೇ ಎಂದು ಡೀಲರನ್ನು ಕೇಳಿ. ಇಳಿಯುವ ಮುನ್ನ ಮೀಟರಿನ ದೀಪಗಳು ಆರಿವೆಯೇ ಎಂದು ಕಣ್ಣಿನಿಂದ ನೋಡುವುದನ್ನು ತಂದೆಯವರಿಗೆ ರೂಢಿ ಮಾಡಿಸಿ; ಶೆಟರನ್ನು ಒಂದಿಷ್ಟು ಹೊತ್ತು ತೆರೆದೇ ಇಡಿ.

ಪ್ರಶ್ನೆ: ಗುಂಡಿಯ ವೇರಿಯಂಟಿಗೆ ಹೆಚ್ಚು ಹಣ ಕೊಡಬಹುದೇ?
– ರೈತರು, ಗುಬ್ಬಿ

ಉತ್ತರ: ಗುಂಡಿಯೊಂದಕ್ಕಾಗಿ ಬೇಡ. ಅದೇ ಹಣಕ್ಕೆ ಹೆಚ್ಚಿನ ಏರ್‌ಬ್ಯಾಗುಗಳೋ ಹಿಂಬದಿಯ ಕ್ಯಾಮೆರಾವೋ ಜೊತೆಗೆ ಬರುವುದಾದರೆ ತೆಗೆದುಕೊಳ್ಳಿ. ಕೀಲಿ ಕಳೆದರೆ ಹೊಸದಕ್ಕೆ ಸಾವಿರಗಟ್ಟಲೆ ತೆರಬೇಕು, ಕಾರಿಗೆ ಅದನ್ನು ಪರಿಚಯಿಸುವ ಕೆಲಸವೂ ಸರ್ವಿಸ್ ಸೆಂಟರಿನಲ್ಲಿಯೇ ಆಗಬೇಕು. ತೋಟದಲ್ಲಿ ನೀರು, ಕೆಸರಿನ ನಡುವೆ ಓಡಾಡುವ ತಮಗೆ ವಿಮೆಯೊಂದಿಗೆ ಕೀಲಿ ಬದಲಾವಣೆಯ ಹೆಚ್ಚುವರಿ ರಕ್ಷಣೆಯನ್ನೂ ಕೊಳ್ಳುವುದು ಲಾಭಕರ.